ಆರೋಗ್ಯ ಪ್ರಶ್ನೋತ್ತರ: ಹಳೆಯ ಕಲೆ ಮತ್ತೆ ಬಾಯಿಬಿಟ್ಟಾಗ

ಪ್ರಶ್ನೆ: ನಮ್ಮ ಅತ್ತೆಗೆ 61 ವರ್ಷ. ಮದುವೆಯಾದ ಹೊಸತರಲ್ಲಿ ಸೀಮೆಎಣ್ಣೆ ಸ್ಟೌ ಸಿಡಿದು ಬಲಗಾಲು ತೊಡೆಯಿಂದ ಮೀನಖಂಡದವರೆಗೆ ಸುಟ್ಟಿತ್ತಂತೆ. ಆಗ ಕೆಲವು ದಿನ ಆಸ್ಪತ್ರೆಯಲ್ಲಿದ್ದು, ಮಿಕ್ಕಿದ್ದನ್ನು ಮನೆಯಲ್ಲೇ ವಾಸಿ ಮಾಡಿಕೊಂಡರು. ಮೊಣಕಾಲಿನ ಹಿಂದೆ ಚರ್ಮ ಎಳೆದುಕೊಂಡು ಗಟ್ಟಿಯಾಗಿದೆ, ಕಾಲು ಪೂರ್ತಿ ನೀಡಲು ಆಗುವುದಿಲ್ಲ. ಅಲ್ಲಿ ಆಗಾಗ ಬಿರುಕು ಬಿಡುವುದು, ಮುಲಾಮು ಹಚ್ಚಿದರೆ ಕೂಡಿಕೊಳ್ಳುವುದು ಮೊದಲಿನಿಂದಲೂ ಇತ್ತು. ಈ ಸಲದ ಬಿರುಕು ಎಂಟು ತಿಂಗಳಾದರೂ ಕೂಡಿಲ್ಲ. ಅರ್ಧ ಅಂಗೈಯಷ್ಟು ಅಗಲದ ಹುಣ್ಣಾಗಿದೆ. ಅಂಚು ಗಟ್ಟಿ, ನಡುವೆ ಮಾಂಸ ಬೆಳೆದಂತೆ ಕಾಣುತ್ತದೆ, ಬಟ್ಟೆ ತಾಗಿದರೂ ರಕ್ತ, ಜೊತೆಗೆ ವಾಸನೆ. ನೋವು ಮಾತ್ರ ಅಷ್ಟಿಲ್ಲ ಅನ್ನುತ್ತಾರೆ. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಬಯಾಪ್ಸಿ ಆಗಬೇಕು ಎಂದಿದ್ದಾರೆ. ‘ಕತ್ತರಿ ಮುಟ್ಟಿಸಿದರೆ ಹರಡುತ್ತದೆ’ ಎಂದು ಮನೆಯ ಹಿರಿಯರು ಒಪ್ಪುತ್ತಿಲ್ಲ. ಏನು ಮಾಡಲಿ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ತಾಲ್ಲೂಕು ಆಸ್ಪತ್ರೆಯ ವೈದ್ಯರು ಹೇಳಿದ್ದು ಸರಿ. ಈ ವಾರವೇ ನಿಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿ ಬಯಾಪ್ಸಿ ಮಾಡಿಸಿ. ನೀವು ಬರೆದಿರುವ ಒಂದೊಂದು ಲಕ್ಷಣವೂ ನನಗೆ ಆತಂಕ ತಂದಿದೆ. ಪತ್ರ ಓದಿಯೇ ಕ್ಯಾನ್ಸರ್ ಎಂದು ಹೇಳಲು ಬರುವುದಿಲ್ಲ. ಆದರೆ ಹಳೆಯ ಸುಟ್ಟ ಕಲೆಯಲ್ಲಿ ತಿಂಗಳುಗಟ್ಟಲೆ ಮಾಯದ ಹುಣ್ಣು, ಗಟ್ಟಿ ಅಂಚು, ಮುಟ್ಟಿದರೆ ರಕ್ತ, ದುರ್ವಾಸನೆ ಇಷ್ಟೂ ಒಟ್ಟಿಗೆ ಇರುವಾಗ, ಅದು ಕ್ಯಾನ್ಸರ್ ಅಲ್ಲ ಎಂದು ಪರೀಕ್ಷೆಯಿಂದ ಖಚಿತವಾಗುವವರೆಗೆ ಕ್ಯಾನ್ಸರ್ ಇರಬಹುದು ಎಂದುಕೊಂಡೇ ನಡೆಯಬೇಕು.

ಹಳೆಯ ಕಲೆಯಲ್ಲಿ ಹುಟ್ಟುವ ಇಂಥ ಕ್ಯಾನ್ಸರಿಗೆ ವೈದ್ಯರು ಮಾರ್ಜೋಲಿನ್ ಹುಣ್ಣು ಎನ್ನುತ್ತಾರೆ. ಜಾನ್ ನಿಕೊಲಾ ಮಾರ್ಜೋಲಿನ್ ಎಂಬ ಫ್ರೆಂಚ್ ಶಸ್ತ್ರವೈದ್ಯರು 1828ರಲ್ಲಿ ಗಾಯದ ಕಲೆಗಳಲ್ಲಿ ಏಳುವ ಇಂಥ ಹುಣ್ಣನ್ನು ವಿವರಿಸಿದರು. ಅದು ಕ್ಯಾನ್ಸರ್ ಎಂದು ಅವರು ಗುರುತಿಸಿರಲಿಲ್ಲ, ಆ ತಿಳಿವಳಿಕೆ ನಂತರದವರದು. ಸುಟ್ಟ ಕಲೆಯಲ್ಲಿ ಹುಟ್ಟುವ ಕ್ಯಾನ್ಸರಿಗೆ ಅವರ ಹೆಸರನ್ನು ಗಟ್ಟಿಯಾಗಿ ಅಂಟಿಸಿದವರು ಅಮೆರಿಕದ ಶಸ್ತ್ರವೈದ್ಯ ಡಾಕೋಸ್ಟಾ, 1903ರಲ್ಲಿ. ಸುಟ್ಟ ಕಲೆಗಳಲ್ಲಿ ನೂರಕ್ಕೆ ಒಂದೋ ಎರಡೋ ಹೀಗೆ ತಿರುಗುತ್ತವೆ ಎಂದು ಪಠ್ಯಗಳು ಹೇಳುತ್ತವೆ. ಅಂದರೆ ಸುಟ್ಟ ಕಲೆ ಇರುವ ಬಹುತೇಕರಿಗೆ ಇದು ಬರುವುದೇ ಇಲ್ಲ. ಬಂದವರಲ್ಲಿ ಸುಟ್ಟದ್ದಕ್ಕೂ ಕ್ಯಾನ್ಸರಿಗೂ ನಡುವಿನ ಅಂತರ ಸರಾಸರಿ ಮೂವತ್ತು ವರ್ಷದ ಆಸುಪಾಸು. ಒಂದೇ ವರ್ಷದೊಳಗೆ ಕಾಣಿಸಿಕೊಂಡ ಉದಾಹರಣೆಗಳೂ ಇವೆ, ಆದರೆ ಅವು ವಿರಳ.

ಈ ಅಂತರವೇ ಜನರನ್ನು ಮೋಸಗೊಳಿಸುತ್ತದೆ. ‘ನಲವತ್ತು ವರ್ಷದಿಂದ ಇರುವ ಕಲೆ, ಇನ್ನೇನು ಆದೀತು?’ ಎಂಬ ಮಾತನ್ನು ನಾನು ರೋಗಿಗಳಿಂದಲೂ ಅವರ ಮನೆಯವರಿಂದಲೂ ಮತ್ತೆ ಮತ್ತೆ ಕೇಳಿದ್ದೇನೆ. ಕಲೆ ಹಳೆಯದಾದಷ್ಟೂ ನಿರುಪದ್ರವಿ ಎಂಬ ನಂಬಿಕೆ ತಪ್ಪು. ವರ್ಷಗಳು ಕಳೆದಷ್ಟೂ ಆ ಕಲೆಯ ಮೇಲೆ ಕಣ್ಣಿಡಬೇಕು.

ಒಳಗೆ ನಡೆಯುವುದು ಏನೆಂದರೆ, ಆಳವಾಗಿ ಸುಟ್ಟ ಜಾಗಕ್ಕೆ ಬೇರೆ ಕಡೆಯ ಚರ್ಮ ತಂದು ಕಸಿ ಮಾಡದೆ, ತಾನಾಗಿ ಮಾಯಲು ಬಿಟ್ಟರೆ ಅಲ್ಲಿ ತೆಳುವಾದ, ರಕ್ತಸಂಚಾರ ಕಡಿಮೆಯಿರುವ, ಬಿರುಸಾದ ಹೊದಿಕೆ ಬೆಳೆಯುತ್ತದೆ. ಮೊಣಕಾಲಿನ ಹಿಂಭಾಗ, ಮೊಣಕೈ, ಕಂಕುಳಿನಂಥ ಮಡಚುವ ಜಾಗದಲ್ಲಿ ಅದು ಪ್ರತಿ ಚಲನೆಗೂ ಜಗ್ಗುತ್ತದೆ, ಬಿರಿಯುತ್ತದೆ. ಬಿರಿದಾಗಲೆಲ್ಲ ಅಂಚಿನ ಜೀವಕೋಶಗಳು ಮತ್ತೆ ಮತ್ತೆ ವಿಭಜನೆಗೊಂಡು ಹೆಚ್ಚಿ ಗಾಯ ಮುಚ್ಚಲು ಹೆಣಗುತ್ತವೆ. ದಶಕಗಳ ಕಾಲ ಉರಿಯೂತದ ನಡುವೆ ಈ ಕೆಲಸ ನಡೆದಾಗ ಯಾವುದೋ ಒಂದು ಕೋಶ ಹತೋಟಿ ತಪ್ಪುತ್ತದೆ. ಸಾಮಾನ್ಯ ಚರ್ಮದಲ್ಲಾದರೆ ದೇಹದ ಕಾವಲು ಕೋಶಗಳು ಅದನ್ನು ಗುರುತಿಸಿ ಕೊಲ್ಲುವ ಸಾಧ್ಯತೆ ಇರುತ್ತದೆ. ಕಲೆಯಲ್ಲಿ ರಕ್ತನಾಳ, ದುಗ್ಧನಾಳಗಳು ಸುಟ್ಟುಹೋಗಿರುವುದರಿಂದ ಆ ಕಾವಲು ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ನರಗಳೂ ನಾಶವಾಗಿರುವುದರಿಂದ ನೋವು ಕಡಿಮೆ. ಅತ್ತೆಯವರಿಗೆ ನೋವಿಲ್ಲ ಎಂಬುದನ್ನು ಒಳ್ಳೆಯ ಸೂಚನೆ ಎಂದು ದಯವಿಟ್ಟು ತಿಳಿಯಬೇಡಿ.

ಇನ್ನು ಕತ್ತರಿಯ ಭಯ. ತುಣುಕು ತೆಗೆಯುವುದರಿಂದ ಚರ್ಮದ ಕ್ಯಾನ್ಸರ್ ಹರಡುವುದಿಲ್ಲ. ಆ ಭಯ ಹುಟ್ಟಿದ್ದು ಹೇಗೆಂದು ನನಗೆ ಅರ್ಥವಾಗುತ್ತದೆ. ರೋಗ ಕೈಮೀರಿದ ಮೇಲೆ ಆಸ್ಪತ್ರೆಗೆ ಹೋದವರಿಗೆ ಬಯಾಪ್ಸಿ ಆಗುತ್ತದೆ, ಕೆಲವು ತಿಂಗಳಲ್ಲಿ ಅವರು ತೀರಿಕೊಳ್ಳುತ್ತಾರೆ, ಊರಿನವರ ನೆನಪಿನಲ್ಲಿ ಉಳಿಯುವುದು ಕತ್ತರಿ ಮಾತ್ರ. ನಿಜವಾಗಿ ಕೊಂದದ್ದು ಅದಕ್ಕೂ ಮೊದಲು ಮುಲಾಮು ಹಚ್ಚುತ್ತಾ ಕಳೆದ ತಿಂಗಳುಗಳು. ಕಲೆಯ ಗಟ್ಟಿ ಅಂಗಾಂಶದೊಳಗೆ ಇರುವಷ್ಟು ಕಾಲ ಈ ಕ್ಯಾನ್ಸರ್ ನಿಧಾನ. ಅದನ್ನು ದಾಟಿ ಪಕ್ಕದ ಒಳ್ಳೆಯ ಚರ್ಮಕ್ಕೆ, ಕೆಳಗಿನ ಸ್ನಾಯುವಿಗೆ ಇಳಿದರೆ ವೇಗ ಹೆಚ್ಚುತ್ತದೆ, ತೊಡೆಸಂದಿನ ದುಗ್ಧಗ್ರಂಥಿಗಳಿಗೆ ಹೋಗುತ್ತದೆ. ಬಿಸಿಲಿಗೆ ಬರುವ ಚರ್ಮದ ಕ್ಯಾನ್ಸರಿಗಿಂತ ಇದು ಗ್ರಂಥಿಗಳಿಗೆ ಹರಡುವ ಪ್ರಮಾಣ ಹೆಚ್ಚು. ಹಿರಿಯರಿಗೆ ಇದನ್ನು ಹೇಳಿ.

ಬಯಾಪ್ಸಿ ಎಂದರೆ ದೊಡ್ಡ ಆಪರೇಷನ್ ಅಲ್ಲ. ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹುಣ್ಣಿನ ಅಂಚಿನಿಂದ ಒಳ್ಳೆಯ ಚರ್ಮವೂ ಸ್ವಲ್ಪ ಸೇರುವಂತೆ ಎರಡು ಮೂರು ಕಡೆ ತುಣುಕು ತೆಗೆದು ಹೊಲಿಗೆ ಹಾಕುತ್ತಾರೆ. ಅಂದೇ ಮನೆಗೆ ಬರಬಹುದು. ಅತ್ತೆಯವರು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಕ್ಯಾನ್ಸರ್ ಎಂದು ಬಂದರೂ, ಮೂಳೆಗೆ ಇಳಿಯದ ಹುಣ್ಣನ್ನು ಸುತ್ತಲಿನ ಸುಮಾರು ಎರಡು ಸೆಂಟಿಮೀಟರ್ ಚರ್ಮದ ಸಮೇತ ಅಗಲವಾಗಿ ತೆಗೆದು, ಆ ಜಾಗಕ್ಕೆ ಚರ್ಮ ಕಸಿ ಮಾಡುತ್ತಾರೆ. ಬೇಗ ಹಿಡಿದರೆ ಗುಣವಾಗುವ ಕ್ಯಾನ್ಸರ್ ಇದು.

ನಿಮ್ಮ ಜಿಲ್ಲೆಯಿಂದ ಹುಬ್ಬಳ್ಳಿ ಹತ್ತಿರ. ಅಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ನವನಗರದ ಕ್ಯಾನ್ಸರ್ ಆಸ್ಪತ್ರೆ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಕ್ಯಾನ್ಸರ್ ಅದರೊಳಗೆ ಬರುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸಿಕೊಂಡು, ರೇಷನ್ ಕಾರ್ಡ್, ಆಧಾರ್ ಜೊತೆಗೆ ಒಯ್ಯಿರಿ.

ಪ್ರಶ್ನೆ: ನಾನು ಲೈನ್‌ಮನ್, ವಯಸ್ಸು 48. ಹತ್ತೊಂಬತ್ತು ವರ್ಷದ ಹಿಂದೆ ಕಂಬದ ಮೇಲೆ ಕರೆಂಟ್ ಹೊಡೆದು ಎಡ ಮುಂಗೈ ಸುಟ್ಟಿತ್ತು. ಆ ಕಲೆಯಲ್ಲಿ ಆರು ತಿಂಗಳಿಂದ ಹುಣ್ಣು. ಬಯಾಪ್ಸಿ ಆಯಿತು, ‘ಕ್ಯಾನ್ಸರ್ ಇಲ್ಲ’ ಎಂದು ರಿಪೋರ್ಟ್ ಬಂತು. ಆದರೂ ಹುಣ್ಣು ದೊಡ್ಡದಾಗುತ್ತಿದೆ. ರಿಪೋರ್ಟ್ ನಂಬಿ ಸುಮ್ಮನಿರಬಹುದೇ?
— ತುಮಕೂರು

ಉತ್ತರ: ಸುಮ್ಮನಿರಬೇಡಿ. ಬೆಳೆಯುತ್ತಿರುವ ಹುಣ್ಣಿಗೆ ಒಂದು ಸಲದ ‘ಇಲ್ಲ’ ಕೊನೆಯ ಮಾತಲ್ಲ. ಈ ಕ್ಯಾನ್ಸರ್ ಹುಣ್ಣಿನ ಎಲ್ಲ ಕಡೆಯೂ ಸಮನಾಗಿ ಇರುವುದಿಲ್ಲ. ಒಂದು ಮೂಲೆಯಲ್ಲಿ ಹುಟ್ಟಿರುತ್ತದೆ, ತುಣುಕು ಇನ್ನೊಂದು ಮೂಲೆಯಿಂದ ಬಂದಿರುತ್ತದೆ. ಮೇಲ್ಪದರದ ಕೊಳೆತ ಭಾಗ ಮಾತ್ರ ಸಿಕ್ಕಿದರೂ ಪ್ರಯೋಜನವಿಲ್ಲ. ಇನ್ನೊಂದು ತೊಡಕೂ ಇದೆ. ಬಹುಕಾಲ ಕೆರಳಿದ ಚರ್ಮ ಕ್ಯಾನ್ಸರ್ ಅಲ್ಲದೆಯೂ ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರಿನಂತೆಯೇ ಕಾಣುತ್ತದೆ, ಅದರ ತಿರುವುಮುರುವೂ ಆಗುತ್ತದೆ. ಎರಡನ್ನೂ ಬೇರ್ಪಡಿಸುವುದು ನುರಿತ ರೋಗಶಾಸ್ತ್ರಜ್ಞರಿಗೂ ಕಷ್ಟದ ಕೆಲಸ.

ನಿಮ್ಮ ಶಸ್ತ್ರವೈದ್ಯರ ಬಳಿ ಮತ್ತೆ ಹೋಗಿ, ‘ಇನ್ನಷ್ಟು ಆಳದಿಂದ, ನಾಲ್ಕಾರು ಕಡೆಯಿಂದ ತೆಗೆಯಬಹುದೇ ಸಾರ್?’ ಎಂದು ಕೇಳಿ. ಹೀಗೆ ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರಪಡುವುದಿಲ್ಲ. ಹಳೆಯ ಬಯಾಪ್ಸಿಯ ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕು ಪ್ರಯೋಗಶಾಲೆಯಲ್ಲಿ ಇರುತ್ತವೆ. ಅವನ್ನು ಕೇಳಿ ಪಡೆದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯಕ್ಕೆ ತೋರಿಸಬಹುದು. ಕಂಕುಳಲ್ಲಿ ಗಂಟು ಕೈಗೆ ಸಿಗುತ್ತದೆಯೇ ಎಂಬುದನ್ನೂ ವೈದ್ಯರಿಂದ ನೋಡಿಸಿ. ಕೆಲಸಕ್ಕೆ ಹೋಗುವಾಗ ಕೈಗವಸು ಆ ಜಾಗವನ್ನು ಉಜ್ಜದಂತೆ ಪಟ್ಟಿ ಕಟ್ಟಿಕೊಳ್ಳಿ.

ಪ್ರಶ್ನೆ: ಹೋಟೆಲಿನಲ್ಲಿ ಅಡುಗೆ ಕೆಲಸ, ದಿನವಿಡೀ ನಿಂತಿರಬೇಕು. ಎಡಗಾಲಿನಲ್ಲಿ ರಕ್ತನಾಳ ಉಬ್ಬಿದೆ. ಒಳಗಿನ ಹರಡಿನ ಮೇಲ್ಭಾಗದಲ್ಲಿ ಹನ್ನೆರಡು ವರ್ಷದಿಂದ ಹುಣ್ಣು, ಮಾಯುತ್ತದೆ, ಮತ್ತೆ ಬರುತ್ತದೆ. ಇದೂ ಕ್ಯಾನ್ಸರ್ ಆಗುತ್ತದೆಯೇ?
— ಉಡುಪಿ

ಉತ್ತರ: ಆಗಬಹುದು, ಆದರೆ ಅಪರೂಪ. ನಿಮ್ಮದು ವೆರಿಕೋಸ್ ಹುಣ್ಣು ಎಂದು ತೋರುತ್ತದೆ. ಇಂಥ ಹುಣ್ಣುಗಳಲ್ಲಿ ಬಹುಪಾಲು ಎಂದಿಗೂ ಕ್ಯಾನ್ಸರ್ ಆಗುವುದಿಲ್ಲ. ನನ್ನನ್ನು ಹೆಚ್ಚು ಕಾಡುವ ಸಂಗತಿ, ಹನ್ನೆರಡು ವರ್ಷ ನೀವು ಹುಣ್ಣಿಗಷ್ಟೇ ಔಷಧಿ ಮಾಡಿದ್ದೀರಿ, ಅದರ ಮೂಲಕ್ಕೆ ಮಾಡಿಲ್ಲ. ಕಾಲಿನಿಂದ ಮೇಲಕ್ಕೆ ಹೋಗಬೇಕಾದ ರಕ್ತ ಕವಾಟ ಕೆಟ್ಟು ಕೆಳಗೇ ನಿಂತು ಒತ್ತಡ ಹಾಕುತ್ತಿದೆ. ಡಾಪ್ಲರ್ ಸ್ಕ್ಯಾನ್ ಮಾಡಿಸಿ, ಕೆಟ್ಟ ರಕ್ತನಾಳಕ್ಕೆ ಲೇಸರ್ ಅಥವಾ ಶಸ್ತ್ರಚಿಕಿತ್ಸೆ ಬೇಕೇ ಎಂದು ರಕ್ತನಾಳ ತಜ್ಞರನ್ನು ಕೇಳಿ. ಕಾಲಿಗೆ ಬಿಗಿ ಪಟ್ಟಿ ಸುತ್ತುವುದು ಈ ಹುಣ್ಣಿಗೆ ಮುಖ್ಯ ಔಷಧ. ಆದರೆ ಶುದ್ಧ ರಕ್ತ ಪಾದಕ್ಕೆ ಸರಿಯಾಗಿ ಇಳಿಯುತ್ತಿದೆ ಎಂದು ವೈದ್ಯರು ಪರೀಕ್ಷಿಸಿದ ಮೇಲೆಯೇ ಸುತ್ತಬೇಕು, ಸಕ್ಕರೆ ಕಾಯಿಲೆ ಇದ್ದರಂತೂ ಕಡ್ಡಾಯ. ರಾತ್ರಿ ಮಲಗುವಾಗ ಕಾಲಿನ ಕೆಳಗೆ ದಿಂಬಿಡಿ.

ಬಿಗಿ ಪಟ್ಟಿಯ ಚಿಕಿತ್ಸೆ ಸರಿಯಾಗಿ ನಡೆದೂ ಮೂರು ತಿಂಗಳಲ್ಲಿ ಹುಣ್ಣು ಕುಗ್ಗದಿದ್ದರೆ, ಅಂಚು ಹೊರಕ್ಕೆ ಮಗುಚಿಕೊಂಡರೆ, ಅಥವಾ ಹೂಕೋಸಿನಂತೆ ಮಾಂಸ ಮೇಲೆದ್ದರೆ ಬಯಾಪ್ಸಿ ಕೇಳಿ. ಸುಣ್ಣ, ಬೀಡಿ ಬೂದಿ, ಬ್ಯಾಟರಿ ಪುಡಿ ಹಾಕಬೇಡಿ.

ಪ್ರಶ್ನೆ: ಸೀರೆ ಉಟ್ಟರೆ ಕ್ಯಾನ್ಸರ್ ಬರುತ್ತದೆ ಎಂದು ವಾಟ್ಸ್‌ಆ್ಯಪಿನಲ್ಲಿ ಓದಿದೆ. ನನಗೆ 54, ದಿನಾ ಸೀರೆಯೇ. ಸೊಂಟದಲ್ಲಿ ಲಾಡಿ ಕಟ್ಟುವ ಜಾಗ ಕಪ್ಪಾಗಿ, ಬೇಸಗೆಯಲ್ಲಿ ತುರಿಸುತ್ತದೆ. ಚೂಡಿದಾರಕ್ಕೆ ಬದಲಾಯಿಸಲೇ?
— ಗೃಹಿಣಿ, ದಾವಣಗೆರೆ

ಉತ್ತರ: ಸೀರೆಯ ತಪ್ಪೇನೂ ಇಲ್ಲ. ತೊಂದರೆ ಇರುವುದು ಒಳಲಂಗದ ಲಾಡಿಯಲ್ಲಿ. ಚೂಡಿದಾರದ ಪ್ಯಾಂಟಿಗೂ ಲಾಡಿ ಇರುವುದರಿಂದ ಬದಲಾಯಿಸಿದರೆ ಏನೂ ಲಾಭವಿಲ್ಲ.

ಸುದ್ದಿಗೆ ಮೂಲವಿದೆ. 2024ರಲ್ಲಿ ಮಹಾರಾಷ್ಟ್ರದ ವರ್ಧಾ ಮತ್ತು ಬಿಹಾರದ ಮಧುಬನಿಯ ವೈದ್ಯರು ಇಬ್ಬರು ವಯಸ್ಸಾದ ಮಹಿಳೆಯರ ವಿವರವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ದಶಕಗಳ ಕಾಲ ಸೊಂಟಕ್ಕೆ ಬಿಗಿಯಾಗಿ ಕಟ್ಟಿದ ಕಡೆ ಚರ್ಮ ಸವೆದು, ಹುಣ್ಣಾಗಿ, ಅದರಲ್ಲಿ ಕ್ಯಾನ್ಸರ್ ಹುಟ್ಟಿತ್ತು. ಇದು ಹೊಸದೂ ಅಲ್ಲ, ಹೆಂಗಸರಿಗಷ್ಟೇ ಬರುವುದೂ ಅಲ್ಲ. ಬಿಗಿಯಾಗಿ ಧೋತಿ ಉಡುವ ಗಂಡಸರ ಸೊಂಟದಲ್ಲಿ ಬರುವ ಇಂಥದೇ ಕ್ಯಾನ್ಸರನ್ನು ಮುಂಬೈಯ ರೋಗಶಾಸ್ತ್ರಜ್ಞ ವಿ. ಆರ್. ಖಾನೋಲ್ಕರ್ ಅವರು 1945ರಷ್ಟು ಹಿಂದೆಯೇ ದಾಖಲಿಸಿದ್ದರು. ಕೋಟ್ಯಂತರ ಜನ ದಿನವೂ ಉಡುವ ಬಟ್ಟೆ ಇದು, ವರದಿಯಾದ ರೋಗಿಗಳು ಬೆರಳೆಣಿಕೆಯಷ್ಟು. ಆದ್ದರಿಂದ ಭಯ ಬೇಡ, ಗಮನ ಸಾಕು.

ಇದರ ಸಮೀಪದ ಬಂಧು ಕಾಶ್ಮೀರದಲ್ಲಿದೆ. ಅಲ್ಲಿನ ಚಳಿಗೆ ಜನ ಕಾಂಗಡಿ ಎಂಬ, ಹೆಣೆದ ಬುಟ್ಟಿಯೊಳಗೆ ಕೂರಿಸಿದ ಮಣ್ಣಿನ ಕುಡಿಕೆಯಲ್ಲಿ ಕೆಂಡ ತುಂಬಿ, ಫಿರನ್ ಎಂಬ ನಿಲುವಂಗಿಯ ಒಳಗೆ ಹೊಟ್ಟೆಗೂ ತೊಡೆಗೂ ತಾಗುವಂತೆ ಇಟ್ಟುಕೊಳ್ಳುತ್ತಾರೆ. ವರ್ಷಾನುಗಟ್ಟಲೆ ಈ ಕಾವು ತಾಗಿದ ಚರ್ಮ ಮೊದಲು ಬಲೆ ಹರಡಿದ ಹಾಗೆ ಕಂದುಬಣ್ಣಕ್ಕೆ ತಿರುಗುತ್ತದೆ. ಕೆಲವರಲ್ಲಿ ಅಲ್ಲೇ ಕ್ಯಾನ್ಸರ್ ಏಳುತ್ತದೆ. ಕಣಿವೆಯಲ್ಲಿ ಕೆಲಸ ಮಾಡುತ್ತಿದ್ದ ಎಲ್ಮ್ಸ್ಲಿ ಎಂಬ ಮಿಷನರಿ ವೈದ್ಯರು ಇದನ್ನು 1866ರಲ್ಲೇ ವರದಿ ಮಾಡಿದ್ದರು. ಬೆನ್ನುನೋವಿಗೆ ದಿನವೂ ಒಂದೇ ಜಾಗಕ್ಕೆ ಗಂಟೆಗಟ್ಟಲೆ ಬಿಸಿನೀರಿನ ಚೀಲ ಇಟ್ಟುಕೊಳ್ಳುವ ನಮ್ಮ ಕಡೆಯ ಅಜ್ಜಿಯರ ಬೆನ್ನಿನಲ್ಲೂ ಆ ಕಂದು ಬಲೆ ಕಾಣುತ್ತದೆ. ಕಂಡರೆ ಕಾವು ಕೊಡುವುದನ್ನು ನಿಲ್ಲಿಸಿ, ಬೆನ್ನುನೋವಿಗೆ ಬೇರೆ ದಾರಿ ನೋಡಿ.

ನೀವು ಮಾಡಬೇಕಾದ್ದು ಸುಲಭ. ದಾರದಂಥ ಲಾಡಿಯ ಬದಲು ಎರಡು ಬೆರಳು ಅಗಲದ ಪಟ್ಟಿ ಹೊಲಿಸಿ. ದಿನವೂ ಅದೇ ಗೆರೆಯ ಮೇಲೆ ಕಟ್ಟದೆ ತುಸು ಮೇಲೆ ಕೆಳಗೆ ಮಾಡಿ. ಮನೆಯಲ್ಲಿರುವಾಗ ಸಡಿಲಿಸಿ. ಬೆವರಿನ ಲಂಗವನ್ನು ಸಂಜೆ ಬದಲಾಯಿಸಿ. ಕಪ್ಪಾದ, ತುರಿಸುವ ಚರ್ಮಕ್ಕೆ ಹುಳುಕಡ್ಡಿಯೂ ಸೇರಿರಬಹುದು. ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಕ್ರೀಮು ಹಚ್ಚದೆ ಚರ್ಮವೈದ್ಯರಿಗೆ ತೋರಿಸಿ. ಅಲ್ಲಿ ಬಿರುಕು ಬಿಟ್ಟು ಕೆಲವು ವಾರವಾದರೂ ಕೂಡದಿದ್ದರೆ ತಡಮಾಡಬೇಡಿ.

ಪ್ರಶ್ನೆ: ತಂದೆಗೆ 57. ಇಪ್ಪತ್ತೈದು ವರ್ಷದ ಹಿಂದೆ ಟ್ರ್ಯಾಕ್ಟರ್ ಮಗುಚಿ ಮೊಣಕಾಲ ಕೆಳಗೆ ಮೂಳೆ ಮುರಿದು, ರಾಡ್ ಹಾಕಿದ್ದರು. ಅಂದಿನಿಂದ ಸಣ್ಣ ತೂತಿನಲ್ಲಿ ಕೀವು ಸೋರುತ್ತಲೇ ಇದೆ. ಈಗ ಆ ತೂತಿನ ಸುತ್ತ ಕ್ಯಾನ್ಸರ್ ಎಂದು ರಿಪೋರ್ಟ್ ಬಂದಿದೆ, ಮೂಳೆಗೂ ಇಳಿದಿದೆಯಂತೆ. ಕಾಲು ತೆಗೆಯಬೇಕು ಎನ್ನುತ್ತಾರೆ. ತಂದೆ ಊಟ ಬಿಟ್ಟು ಕೂತಿದ್ದಾರೆ. ಕಾಲು ಉಳಿಸಿಕೊಳ್ಳಲು ಬೇರೆ ಯಾವ ಮದ್ದೂ ಇಲ್ಲವೇ?
— ಸಿಂಧನೂರು

ಉತ್ತರ: ನಿಮ್ಮ ತಂದೆಯವರ ಸಂಕಟಕ್ಕೆ ನನ್ನ ಬಳಿ ಸಮಾಧಾನದ ಮಾತು ಕಡಿಮೆ. ದುಡಿದು ತಿಂದ ಮನುಷ್ಯನಿಗೆ ಕಾಲು ಹೋಗುತ್ತದೆ ಎಂದರೆ ಏನು ಎಂದು ಯಾವ ವೈದ್ಯನೂ ಹಗುರವಾಗಿ ಹೇಳಬಾರದು. ಆದರೂ ಸತ್ಯ ಹೇಳಬೇಕು. ಮೂಳೆಯ ಹಳೆಯ ಸೋಂಕಿನಿಂದ ಕೀವು ಸೋರುವ ದಾರಿಯಲ್ಲಿ ಕ್ಯಾನ್ಸರ್ ಹುಟ್ಟಿ, ಅದು ಮೂಳೆಯೊಳಗೆ ಇಳಿದಿದ್ದರೆ, ಕಾಲಿನ ಆ ಭಾಗ ತೆಗೆಯುವುದೇ ಜೀವ ಉಳಿಸುವ ಹೆಚ್ಚು ಭರವಸೆಯ ದಾರಿ. ಮೂಳೆಯ ಒಳಗಿನದನ್ನು ಕೆರೆದು ತೆಗೆದು ಬಿಟ್ಟರೆ ಮರುಕಳಿಸುವ ಸಾಧ್ಯತೆ ಹೆಚ್ಚು. ಆಯ್ದ ಕೆಲವರಲ್ಲಿ ಕಾಲು ಉಳಿಸುವ ಶಸ್ತ್ರಚಿಕಿತ್ಸೆ ಆಗುತ್ತದೆ. ತಂದೆಯವರು ಆ ಗುಂಪಿಗೆ ಸೇರುತ್ತಾರೆಯೇ ಎಂಬುದನ್ನು ಎಂಆರ್‌ಐ ನೋಡಿದ ಕ್ಯಾನ್ಸರ್ ಶಸ್ತ್ರತಜ್ಞರು ಹೇಳಬೇಕು. ನಿಮಗೆ ಕಲಬುರಗಿಯಲ್ಲಿ ಕಿದ್ವಾಯಿಯ ಶಾಖೆ ಇದೆ, ಎರಡನೆಯ ಅಭಿಪ್ರಾಯ ಅಲ್ಲಿ ಕೇಳಿ. ಆದರೆ ಅದನ್ನು ಎರಡು ವಾರದೊಳಗೆ ಮುಗಿಸಿ. ತೊಡೆಸಂದಿನಲ್ಲಿ ಗಂಟಿದ್ದರೆ ಸೂಜಿ ಪರೀಕ್ಷೆ ಆಗಲಿ. ಸೋಂಕಿನಿಂದಲೂ ಅಲ್ಲಿ ಗಂಟು ಬರುತ್ತದೆ, ಕ್ಯಾನ್ಸರಿನಿಂದಲೂ ಬರುತ್ತದೆ, ನೋಡದೆ ತಿಳಿಯುವುದಿಲ್ಲ.

ಮೊಣಕಾಲಿನ ಕೀಲು ಉಳಿಯುವಂತೆ ಅದರ ಕೆಳಗೆ ತೆಗೆಯಲು ಸಾಧ್ಯವೇ ಎಂದು ಶಸ್ತ್ರತಜ್ಞರನ್ನು ಮುಂಚೆಯೇ ಕೇಳಿ. ಅದು ಉಳಿದರೆ ಮುಂದಿನ ಬದುಕೇ ಬೇರೆ. ಜೈಪುರದಲ್ಲಿ 1968ರ ಹೊತ್ತಿಗೆ ಡಾ. ಪ್ರಮೋದ್ ಕರಣ್ ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಸೇರಿ ರೂಪಿಸಿದ ಜೈಪುರ ಪಾದವನ್ನು ನಮ್ಮ ದೇಶದ ಬದುಕಿಗೆಂದೇ ಮಾಡಿದ್ದು. ಬರಿಗಾಲಲ್ಲಿ ನಡೆಯಲು, ಕುಕ್ಕರುಗಾಲಲ್ಲಿ ಕೂರಲು, ಕೆಸರುಗದ್ದೆಗೆ ಇಳಿಯಲು ಬರುತ್ತದೆ. ಮೊಣಕಾಲ ಕೆಳಗೆ ಕಾಲು ಕಳೆದುಕೊಂಡು ಹೊಲಕ್ಕೆ ಮರಳಿದ ರೈತರನ್ನು ನಾನು ನೋಡಿದ್ದೇನೆ. ಆಪರೇಷನ್ನಿಗೆ ಮೊದಲೇ ಅಂಥವರೊಬ್ಬರನ್ನು ಹುಡುಕಿ ತಂದೆಯವರ ಎದುರು ಕೂರಿಸಿ. ನನ್ನ ಈ ಉತ್ತರಕ್ಕಿಂತ ಅವರ ಮಾತು ಹೆಚ್ಚು ಕೆಲಸ ಮಾಡುತ್ತದೆ.

ಪ್ರಶ್ನೆ: ಸಿಸೇರಿಯನ್ ಆಗಿ ಎರಡು ವರ್ಷ. ಹೊಲಿಗೆಯ ಗೆರೆ ಉಬ್ಬಿ ಕೆಂಪಗಾಗಿದೆ, ತುರಿಸುತ್ತದೆ. ಕ್ಯಾನ್ಸರಿನ ಭಯ.
— ಶಿವಮೊಗ್ಗ

ಉತ್ತರ: ಅದು ಕೀಲಾಯ್ಡ್ ಅಥವಾ ಉಬ್ಬುಕಲೆ ಎಂದು ತೋರುತ್ತದೆ. ಕಲೆ ಅತಿಯಾಗಿ ಬೆಳೆದದ್ದು, ಕ್ಯಾನ್ಸರ್ ಅಲ್ಲ. ಚರ್ಮವೈದ್ಯರು ಇಂಜೆಕ್ಷನ್, ಸಿಲಿಕೋನ್ ಹಾಳೆಯಿಂದ ತಗ್ಗಿಸುತ್ತಾರೆ. ನೆಮ್ಮದಿಯಾಗಿರಿ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ನನ್ನ ಹಳ್ಳಿಯಲ್ಲಿ ಹಿಂದೆ ಕುಷ್ಠರೋಗಕ್ಕೆ ಔಷಧಿ ಮುಗಿಸಿದ ಇಬ್ಬರು ಹಿರಿಯರ ಅಂಗಾಲಿನಲ್ಲಿ ವರ್ಷಾನುಗಟ್ಟಲೆ ಹುಣ್ಣಿದೆ. ಸುಟ್ಟ ಕಲೆ ಇರುವವರೂ ಇದ್ದಾರೆ. ಮನೆ ಭೇಟಿಯಲ್ಲಿ ನಾನು ಏನು ನೋಡಬೇಕು?
— ರಾಯಚೂರು ಜಿಲ್ಲೆ

ಉತ್ತರ: ಇಂಥ ಪ್ರಶ್ನೆ ಬಂದದ್ದು ನನಗೆ ಸಂತೋಷ. ಗಾಯವನ್ನು ಮೊದಲು ಕಾಣುವವರು ನೀವು, ನಾವು ಕಾಣುವ ಹೊತ್ತಿಗೆ ಬಹುಪಾಲು ತಡವಾಗಿರುತ್ತದೆ.

ಕುಷ್ಠರೋಗದ ಬಹುಔಷಧಿ ಚಿಕಿತ್ಸೆ ರೋಗಾಣುವನ್ನು ಕೊಲ್ಲುತ್ತದೆ, ಸತ್ತ ನರವನ್ನು ಬದುಕಿಸುವುದಿಲ್ಲ. ಸ್ಪರ್ಶವಿಲ್ಲದ ಅಂಗಾಲಿಗೆ ಕಲ್ಲು ಚುಚ್ಚಿದರೂ ತಿಳಿಯುವುದಿಲ್ಲ, ಹುಣ್ಣು ಮಾಯುವುದಿಲ್ಲ, ವರ್ಷಗಳ ಮೇಲೆ ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುತ್ತದೆ. ಆ ಹಿರಿಯರಿಂದ ಯಾರಿಗೂ ಸೋಂಕು ತಗಲುವುದಿಲ್ಲ, ಹತ್ತಿರ ಕೂತು ಹುಣ್ಣು ನೋಡಿ. ತೋಡಿದಂತೆ ಇದ್ದ ಹುಣ್ಣಿನಿಂದ ಮಾಂಸ ಮೇಲೆದ್ದಿದೆಯೇ, ವಾಸನೆ ಬದಲಾಗಿದೆಯೇ, ಪಟ್ಟಿ ಬಿಚ್ಚುವಾಗ ಹೊಸದಾಗಿ ರಕ್ತ ಬರುತ್ತಿದೆಯೇ ಎಂದು ಕೇಳಿ. ನೋವಿಲ್ಲದ ಗಾಯಕ್ಕೆ ಹೊಸದಾಗಿ ನೋವು ಶುರುವಾದರೂ ಅದು ಸೂಚನೆಯೇ. ಪ್ರತಿ ಭೇಟಿಯಲ್ಲಿ ಪಕ್ಕದಲ್ಲಿ ಸ್ಕೇಲು ಇಟ್ಟು, ಅವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ದಿನವೂ ನೋಡುವವರಿಗೆ ಹುಣ್ಣು ಬೆಳೆಯುವುದು ಗೊತ್ತಾಗುವುದಿಲ್ಲ, ಎರಡು ತಿಂಗಳ ಫೋಟೋ ಪಕ್ಕಪಕ್ಕ ಇಟ್ಟರೆ ವೈದ್ಯಾಧಿಕಾರಿಗೆ ತಕ್ಷಣ ತಿಳಿಯುತ್ತದೆ. ಹೊಟ್ಟೆಗೆ ಬರೆ ಹಾಕಿಸಿಕೊಂಡವರ ಕಲೆ, ಮುಖದ ಮೇಲಿನ ಚರ್ಮದ ಕ್ಷಯದ ಕಲೆಗಳನ್ನೂ ಮರೆಯಬೇಡಿ.

ಇನ್ನೊಂದು ಮಾತು, ಅದು ಮುಂದಿನ ಪೀಳಿಗೆಯದು. ಮಗುವಿನ ಮೇಲೆ ಬಿಸಿನೀರು, ಸಾರು ಚೆಲ್ಲಿದರೆ ಇಪ್ಪತ್ತು ನಿಮಿಷ ತಣ್ಣೀರಿನ ನಲ್ಲಿಯ ಕೆಳಗೆ ಹಿಡಿಯಲು ತಾಯಂದಿರಿಗೆ ಹೇಳಿ. ಟೂತ್‌ಪೇಸ್ಟು, ಇಂಕು ಬೇಡ. ಎರಡು ಮೂರು ವಾರದಲ್ಲಿ ಮಾಯದ ಸುಟ್ಟಗಾಯಕ್ಕೆ ಚರ್ಮ ಕಸಿ ಬೇಕಾಗುತ್ತದೆ. ಬೆಂಗಳೂರಿನ ವಿಕ್ಟೋರಿಯಾದಂಥ ಸರ್ಕಾರಿ ಆಸ್ಪತ್ರೆಗಳ ಸುಟ್ಟಗಾಯದ ವಿಭಾಗಗಳಲ್ಲಿ ಅದು ಆಗುತ್ತದೆ. ಆಗಲೇ ಕಸಿ ಮಾಡಿಸಿದ ಗಾಯದಲ್ಲಿ ಮುಂದೆ ಈ ಕ್ಯಾನ್ಸರ್ ಬರುವ ಸಂಭವ ಬಹಳ ಕಡಿಮೆ.

ಓದುಗರಲ್ಲಿ ಒಂದು ಕೋರಿಕೆ. ಮೂರು ತಿಂಗಳು ದಾಟಿದ ಹುಣ್ಣು, ಅಥವಾ ಮತ್ತೆ ಬಾಯಿಬಿಟ್ಟ ಹಳೆಯ ಕಲೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ಈ ಅಂಕಣಕ್ಕೆ ಪತ್ರ ಬರೆದು ಉತ್ತರಕ್ಕೆ ಕಾಯಬೇಡಿ. ಪತ್ರ ನನಗೆ ತಲುಪಿ, ಉತ್ತರ ಅಚ್ಚಾಗಲು ವಾರಗಳು ಹಿಡಿಯುತ್ತವೆ. ಅಷ್ಟರೊಳಗೆ ಬಯಾಪ್ಸಿಯ ರಿಪೋರ್ಟು ನಿಮ್ಮ ಕೈಯಲ್ಲಿರಲಿ.